ಬಾವಿಯಲ್ಲಿ ಈಜು ಕಲಿತವರು ಟ್ರಯಥ್ಲಾನ್‌ಗೆ ಇಳಿಯಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನನಗೆ 39 ವರ್ಷ, ಬ್ಯಾಂಕಿನಲ್ಲಿ ಕೆಲಸ. ದಿನಾ ಬೆಳಿಗ್ಗೆ ಓಡುತ್ತೇನೆ, 10 ಕಿ.ಮೀ. ಆರಾಮಾಗಿ ಆಗುತ್ತದೆ. ಗೆಳೆಯರ ಜೊತೆ ಗೋವಾದ ಹಾಫ್ ಐರನ್‌ಮ್ಯಾನ್‌ಗೆ ಹೋಗೋಣ ಅಂತ ಮಾತಾಗಿದೆ. ಇನ್ನೂ ಹತ್ತು ತಿಂಗಳು ಟೈಮ್ ಇದೆ. ಈಜು ಅಂದರೆ ಚಿಕ್ಕವನಿದ್ದಾಗ ಹೊಲದ ಬಾವಿಯಲ್ಲಿ ಕಲಿತದ್ದಷ್ಟೇ, ಈಗ ಕೊಳದಲ್ಲಿ ಎರಡು ಸಲ ಈ ಕಡೆಯಿಂದ ಆ ಕಡೆ ಹೋದರೆ ಉಸಿರು ಕಟ್ಟುತ್ತದೆ. ಸೈಕಲ್ ಇನ್ನೂ ತಗೊಂಡಿಲ್ಲ. ಎಲ್ಲಿಂದ ಶುರು ಮಾಡಲಿ? ಆಲಮಟ್ಟಿ ಹಿನ್ನೀರಿನಲ್ಲಿ ಈಜು ಪ್ರಾಕ್ಟೀಸ್ ಮಾಡಬಹುದಾ?
— ಓದುಗರು, ನವನಗರ, ಬಾಗಲಕೋಟೆ

ಉತ್ತರ: ಈಜಿನಿಂದ ಶುರು ಮಾಡಿ. ಸೈಕಲ್ ಅಂಗಡಿಗೆ ಆಮೇಲೆ ಹೋದರಾಯಿತು.

ಯಾಕೆ ಅಂತ ಹೇಳುತ್ತೇನೆ. ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ ಮೂರೂ ಒಂದರ ಹಿಂದೆ ಒಂದು; ಹಾಫ್ ಐರನ್‌ಮ್ಯಾನ್ ಅದರದೇ ಒಂದು ಉದ್ದದ ರೂಪ. ಗೋವಾದಲ್ಲಿ 2019ರಲ್ಲಿ ಶುರುವಾದ ಈ ಸ್ಪರ್ಧೆಯಲ್ಲಿ ಮೊದಲು ಸಮುದ್ರದಲ್ಲಿ 1.9 ಕಿ.ಮೀ. ಈಜು, ಎದ್ದು ಬಂದು 90 ಕಿ.ಮೀ. ಸೈಕಲ್, ಅದು ಮುಗಿದ ಕೂಡಲೇ 21.1 ಕಿ.ಮೀ. ಓಟ. ಎಲ್ಲಾ ಸೇರಿ ಎಂಟೂವರೆ ಗಂಟೆ ಟೈಮ್. ಪೂರ್ತಿ ಐರನ್‌ಮ್ಯಾನ್ ಇದರ ಎರಡರಷ್ಟು, ಅದಕ್ಕೆ 17 ಗಂಟೆ ಕೊಡುತ್ತಾರೆ. ನಿಮ್ಮ ಹಾಫ್‌ನಲ್ಲಿ ಈಜಿಗೇ ಬೇರೆ ಗಡುವು ಇದೆ: 1 ಗಂಟೆ 10 ನಿಮಿಷ. ಅದರೊಳಗೆ ದಡ ಸೇರದಿದ್ದರೆ ನಿಮ್ಮ ದಿನ ಅಲ್ಲಿಗೇ ಮುಗಿಯಿತು. ನಿಮ್ಮ ಓಟ ಎಷ್ಟು ಗಟ್ಟಿ ಇದ್ದರೂ, ಲಕ್ಷ ರೂಪಾಯಿ ಸೈಕಲ್ ತಂದು ನಿಲ್ಲಿಸಿದ್ದರೂ ಅದನ್ನು ಮುಟ್ಟೋಕೂ ಆಗುವುದಿಲ್ಲ.

ಹಾಗಂತ ಹೆದರಬೇಡಿ. ಲೆಕ್ಕ ಹಾಕಿ ನೋಡಿ, 100 ಮೀಟರ್‌ಗೆ 3 ನಿಮಿಷ 40 ಸೆಕೆಂಡ್ ಸಿಗುತ್ತದೆ. ಇದೇನೂ ಜೋರಿನ ಈಜಲ್ಲ. ನಿಲ್ಲದೆ ಈಜುವುದು ಬೇಕು, ಅಷ್ಟೇ. ನೀವು ಸೋಲುತ್ತಿರುವುದು ಉಸಿರಿನಲ್ಲಿ, ತಾಕತ್ತಿನಲ್ಲಿ ಅಲ್ಲ.

ಬಾವಿಯಲ್ಲಿ ಬೆನ್ನಿಗೆ ಬೆಂಡು ಕಟ್ಟಿಕೊಂಡು ಕಲಿತವರು ತಲೆ ಮೇಲೆತ್ತಿಯೇ ಈಜುತ್ತಾರೆ. ತಲೆ ಮೇಲೆದ್ದರೆ ಸೊಂಟ, ಕಾಲು ಕೆಳಗಿಳಿಯುತ್ತವೆ. ಆಗ ನೀರನ್ನು ಎದೆಯಿಂದ ತಳ್ಳಿಕೊಂಡು ಹೋದ ಹಾಗಾಗುತ್ತದೆ, ಎರಡು ಸುತ್ತಿಗೇ ದಣಿವು. ಸರಿ, ತಲೆ ತಗ್ಗಿಸಿ ಅಂದರೆ ಹೆಚ್ಚಿನವರು ಉಸಿರು ಬಿಗಿಹಿಡಿಯುತ್ತಾರೆ, ಮುಖ ಎತ್ತಿದ ಆ ಒಂದೇ ಕ್ಷಣದಲ್ಲಿ ಹಳೇ ಉಸಿರು ಬಿಟ್ಟು ಹೊಸ ಉಸಿರು ಎಳೆದುಕೊಳ್ಳಬೇಕಾಗುತ್ತದೆ, ಅದಾಗುವುದಿಲ್ಲ, ಎದೆ ಬಿಗಿದು ಗಾಬರಿಯಾಗುತ್ತದೆ. ಉಸಿರು ಕಟ್ಟಿದ ಹಾಗೆ ಅನಿಸುವುದು ಬಹಳ ಸಲ ಒಳಗಿನ ಗಾಳಿ ಹೊರಗೆ ಹೋಗದೇ ಇದ್ದುದರಿಂದ.

ಮೊದಲ ಎರಡು ವಾರ ದೂರದ ಮಾತೇ ಬೇಡ. ಎದೆಮಟ್ಟದ ನೀರಿನಲ್ಲಿ ಗೋಡೆ ಹಿಡಿದು ನಿಲ್ಲಿ. ಗಾಗಲ್ಸ್ ಹಾಕಿ ಮುಖ ಮುಳುಗಿಸಿ. ಮೂಗು, ಬಾಯಿ ಎರಡರಿಂದಲೂ ನಿಧಾನಕ್ಕೆ ಗುಳ್ಳೆ ಬಿಡಿ, ಹಾಡು ಗುನುಗಿದ ಹಾಗೆ. ಗುಳ್ಳೆ ಮುಗಿಯುತ್ತಾ ಬಂದಾಗ ಮುಖವನ್ನು ಪಕ್ಕಕ್ಕೆ ಹೊರಳಿಸಿ, ಮೇಲೆ ಎತ್ತಬೇಡಿ. ಒಂದು ಕಿವಿ, ಒಂದು ಗಾಗಲ್ ಇನ್ನೂ ನೀರಿನಲ್ಲೇ ಇರಬೇಕು. ಬಾಯಿ ತೆರೆಯಿರಿ, ಗಾಳಿ ತಾನೇ ಒಳಗೆ ಬರುತ್ತದೆ. ಇದು ಕೂತ ಮೇಲೆ ಕೈ ಸೇರಿಸಿ, 25 ಮೀಟರ್ ಹೋಗಿ ನಿಲ್ಲಿ, ಸುಧಾರಿಸಿಕೊಂಡು ಮತ್ತೆ ಹೋಗಿ. ಕಾಲನ್ನು ಜೋರಾಗಿ ಬಡಿಯಬೇಡಿ, ಆ ಕಾಲು ಮುಂದೆ ಸೈಕಲ್‌ಗೂ ಓಟಕ್ಕೂ ಬೇಕು. ಭಾನುವಾರ ಒಂದೇ ದಿನ ಎರಡು ಗಂಟೆ ಈಜುವುದಕ್ಕಿಂತ ವಾರಕ್ಕೆ ಮೂರು ಸಲ ಮುಕ್ಕಾಲು ಗಂಟೆ ಮೇಲು. ಸಾಧ್ಯವಾದರೆ ಒಂದೆರಡು ತಿಂಗಳಾದರೂ ಕೋಚ್ ಹತ್ತಿರ ಕಲಿಯಿರಿ. ಗಡಿಯಾರಕ್ಕೆ, ಶೂಗೆ ಹಾಕುವ ದುಡ್ಡನ್ನು ಇಲ್ಲಿಗೆ ಹಾಕಿ ಅಂತ ನಾನು ಖಂಡಿತ ಹೇಳುತ್ತೇನೆ.

ಆಲಮಟ್ಟಿ ಹಿನ್ನೀರು? ಬೇಡವೇ ಬೇಡ. ಕೃಷ್ಣೆಯಲ್ಲಿ ಮೊಸಳೆ ಇವೆ, ಅದು ನಿಮಗೂ ಗೊತ್ತು. ಮೀನುಬಲೆ, ಕೆಸರು, ಮುಳುಗಿದ ಗಿಡಗಳ ಬೊಡ್ಡೆ ಬೇರೆ. ನೋಡಿಕೊಳ್ಳೋಕೆ ಒಬ್ಬ ಲೈಫ್‌ಗಾರ್ಡ್ ಇರುವುದಿಲ್ಲ. ಕೊಳದಲ್ಲೇ 1.9 ಕಿ.ಮೀ. ಗಟ್ಟಿ ಮಾಡಿಕೊಳ್ಳಿ, 25 ಮೀಟರ್ ಕೊಳದಲ್ಲಿ ಅದು 76 ಸಲ. ಮಳೆಗಾಲದಲ್ಲಿ ಗೋವಾದ ಸಮುದ್ರಕ್ಕೆ ಇಳಿಯಬಾರದು. ಮಳೆ ನಿಂತು ಕಡಲು ಶಾಂತವಾದ ಮೇಲೆ, ಲೈಫ್‌ಗಾರ್ಡ್ ಇರುವ ಹೊತ್ತಿನಲ್ಲಿ, ಜೊತೆಗಾರರೊಂದಿಗೆ ಕೆಲವು ಸಲ ಈಜಿ ನೋಡಿ. ಅಲ್ಲಿ ತಳದಲ್ಲಿ ಗೆರೆ ಇರುವುದಿಲ್ಲ. ಎಂಟ್ಹತ್ತು ಕೈಗೆ ಒಂದು ಸಲ ಕಣ್ಣಷ್ಟೇ ಮೇಲೆತ್ತಿ ಮುಂದಿನ ತೇಲುಗುರುತು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಸೊಟ್ಟ ಹೋಗಿ ಎರಡು ಕಿ.ಮೀ.ಗಿಂತ ಜಾಸ್ತಿಯೇ ಈಜಿರುತ್ತೀರಿ.

ಸೈಕಲ್‌ಗೆ ದುಬಾರಿಯದ್ದು ಬೇಕಿಲ್ಲ. ಅಳತೆಗೆ ಸರಿಹೊಂದುವ ರೋಡ್ ಬೈಕ್, ಸೆಕೆಂಡ್ ಹ್ಯಾಂಡ್ ಆದರೂ ಸಾಕು. ಹೆಲ್ಮೆಟ್ ಕಡ್ಡಾಯ. ಗಂಟೆಗೆ 22-23 ಕಿ.ಮೀ. ವೇಗದಲ್ಲಿ 90 ಕಿ.ಮೀ. ಮುಗಿಸಿದರೆ ನಾಲ್ಕು ಗಂಟೆ, ಆಮೇಲೆ ಕಿ.ಮೀ.ಗೆ 8 ನಿಮಿಷದ ಹಾಗೆ ಓಡಿದರೂ ಗಡುವಿನೊಳಗೆ ಬರುತ್ತೀರಿ. ಪಂಕ್ಚರ್ ತೆಗೆಯೋದನ್ನು ಮಾತ್ರ ಮನೆಯಲ್ಲೇ ಕಲಿಯಿರಿ. ನಮ್ಮ ಕಡೆ ರಸ್ತೆ ಅಂಚಿನಲ್ಲೆಲ್ಲಾ ಬಳ್ಳಾರಿ ಜಾಲಿ. ಅದರ ಮುಳ್ಳು ಟಯರ್ ಒಳಗೆ ಮುರಿದು ಉಳಿದಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಹಳೇ ಟ್ಯೂಬ್ ತೆಗೆದ ಮೇಲೆ ಟಯರ್ ಒಳಗೆ ಬೆರಳಾಡಿಸಿ, ಮೆಲ್ಲಗೆ, ಪೂರ್ತಿ ಒಂದು ಸುತ್ತು. ಆ ತುಂಡು ಸಿಕ್ಕಿದ ಮೇಲೇ ಹೊಸ ಟ್ಯೂಬ್ ಹಾಕಿ, ಇಲ್ಲಾಂದ್ರೆ ಎರಡನೇ ಟ್ಯೂಬೂ ಹೋಗುತ್ತದೆ. ಇನ್ನೊಂದು ಮಾತು. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ರಸ್ತೆಗೆ ಕತ್ತಲಲ್ಲಿ ಹೋಗಬೇಡಿ. ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಎಷ್ಟೋ ಟ್ರ್ಯಾಕ್ಟರ್‌ಗಳಿಗೆ ಹಿಂದೆ ದೀಪವೇ ಇರುವುದಿಲ್ಲ. ಪೂರ್ತಿ ಬೆಳಕಾದ ಮೇಲೆ ಹೊರಡಿ. ಸೈಕಲ್ ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯಲಿ.

ಇದೆಲ್ಲಕ್ಕೂ ಮುಂಚೆ ಡಾಕ್ಟರ್ ಹತ್ತಿರ ಹೋಗಿ ಬಿಪಿ, ಶುಗರ್, ಇಸಿಜಿ ನೋಡಿಸಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಆಗಿದ್ದರೆ ಅದನ್ನೂ ಹೇಳಿ.

ಪ್ರಶ್ನೆ: ನನಗೆ 26, ಶಾಲೆಯಿಂದಲೂ ಸೈಕಲ್ ಓಡಿಸುತ್ತೇನೆ. ಆದರೆ ಸೈಕಲ್ ಇಳಿದು ಓಡೋಕೆ ಹೋದರೆ ಕಾಲು ನನ್ನವೇ ಅಲ್ಲ ಅನಿಸುತ್ತದೆ. ಮತ್ತೆ, ಏಪ್ರಿಲ್-ಮೇ ಬಿಸಿಲಿಗೆ ಪ್ರಾಕ್ಟೀಸ್ ನಿಲ್ಲಿಸಬೇಕಾ ಮೇಡಂ-ಸರ್?
— ಓದುಗರು, ವಿಜಯಪುರ

ಉತ್ತರ: ನಿಮ್ಮ ಊರು ಸೈಕಲ್‌ನಲ್ಲಿ ದೇಶಕ್ಕೇ ಹೆಸರು ಮಾಡಿದ ಊರು, ಅರ್ಧ ಕೆಲಸ ಆಗಲೇ ಮುಗಿಸಿಕೊಂಡು ಬಂದಿದ್ದೀರಿ! ಕಾಲು ಹಾಗಾಗುವುದು ಎಲ್ಲರಿಗೂ ಇದ್ದದ್ದೇ. ಪೆಡಲ್‌ಗೆ ಒಗ್ಗಿದ ಕಾಲು ಓಟಕ್ಕೆ ಹೊಂದಿಕೊಳ್ಳಲು ಹೊತ್ತು ಬೇಕು. ವಾರಕ್ಕೊಮ್ಮೆ ಸೈಕಲ್ ನಿಲ್ಲಿಸಿದ ಕೂಡಲೇ ಶೂ ಬದಲಿಸಿ 15-20 ನಿಮಿಷ ಮೆಲ್ಲಗೆ ಓಡಿ. ಹೆಜ್ಜೆ ಚಿಕ್ಕದಾಗಿರಲಿ. ಒಂದೆರಡು ತಿಂಗಳಲ್ಲಿ ಆ ಭಾರ ಬೇಗ ಬಿಡತೊಡಗುತ್ತದೆ. ನೀವು ಗುಂಪಿನಲ್ಲಿ ಒಬ್ಬರ ಬೆನ್ನಿಗೊಬ್ಬರು ಅಂಟಿ ಓಡಿಸಿ ರೂಢಿ ಅಲ್ವಾ, ಐರನ್‌ಮ್ಯಾನ್‌ನಂಥ ಸ್ಪರ್ಧೆಯಲ್ಲಿ ಅದು ನಡೆಯುವುದಿಲ್ಲ, ದಂಡನೆ ಬೀಳುತ್ತದೆ. ಅದಕ್ಕೇ ಒಬ್ಬರೇ, ಎದುರುಗಾಳಿಗೆ ಓಡಿಸಿ.

ಬೇಸಿಗೆಗೆ ನಿಲ್ಲಿಸಬೇಡಿ, ಹೊತ್ತು ಬದಲಿಸಿ. ಬೆಳಿಗ್ಗೆ ಏಳೂವರೆಗೆಲ್ಲಾ ಮನೆ ಸೇರಿರಿ. ಬಿಸಿಲಿಗೆ ಮೈ ಹೊಂದಿಕೊಳ್ಳಲು ಸುಮಾರು ಎರಡು ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ವೇಗದ ಆಸೆ ಬಿಡಿ. ವಿಜಯಪುರದ ಒಣ ಹವೆಯಲ್ಲಿ ಬೆವರು ಬಂದದ್ದೇ ಆರುತ್ತದೆ, ಎಷ್ಟು ಹೋಯಿತು ಗೊತ್ತೇ ಆಗುವುದಿಲ್ಲ. ಹೊರಡುವ ಮುಂಚೆ, ಬಂದ ಮೇಲೆ ತೂಕ ನೋಡಿ. ಒಂದು ಕೆ.ಜಿ. ಇಳಿದಿದ್ದರೆ, ಕುಡಿದದ್ದನ್ನು ಬಿಟ್ಟು ಇನ್ನೂ ಸುಮಾರು ಒಂದು ಲೀಟರ್ ನೀರು ಕಡಿಮೆ ಬಿದ್ದಿದೆ ಅಂತ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯುವುದೂ ಅಪಾಯ, ರಕ್ತದಲ್ಲಿ ಉಪ್ಪಿನಂಶ ಇಳಿಯುತ್ತದೆ. ತಲೆಸುತ್ತು, ಚಳಿ, ಮಾತು ತೊದಲಿದರೆ ಅಲ್ಲೇ ನಿಲ್ಲಿಸಿ, ನೆರಳಿಗೆ ಹೋಗಿ, ಯಾರನ್ನಾದರೂ ಕರೆಯಿರಿ.

ಪ್ರಶ್ನೆ: ಎನರ್ಜಿ ಜೆಲ್ (ಓಡುವಾಗ, ಸೈಕಲ್ ಮೇಲೆ ಹೀರುವ ಸಿಹಿ ಪಾಕದ ಪೊಟ್ಟಣ) ಭಾಳ ತುಟ್ಟಿ. ಸೈಕಲ್ ಮೇಲೆ ಕರದಂಟು ತಿಂದರೆ ನಡೆಯುತ್ತದಾ?
— ಓದುಗರು, ಗೋಕಾಕ

ಉತ್ತರ: ಗೋಕಾಕದವರು ಕೇಳಲೇಬೇಕಾದ ಪ್ರಶ್ನೆ. ಕರದಂಟಿನಲ್ಲಿ ಬೆಲ್ಲದ ಜೊತೆ ಗೋಡಂಬಿ, ಬಾದಾಮಿ, ಕೊಬ್ಬರಿ ಎಲ್ಲಾ ಇರುತ್ತದೆ. ಎಣ್ಣೆಯಂಶ ಜಾಸ್ತಿ, ಅರಗೋಕೆ ಹೊತ್ತು ಬೇಕು, ಓಡುವಾಗ ಹೊಟ್ಟೆ ಹಿಡಿದುಕೊಳ್ಳಬಹುದು. ಪ್ರಾಕ್ಟೀಸ್ ಮುಗಿದ ಮೇಲೆ ತಿನ್ನಿ. ಸೈಕಲ್ ಮೇಲೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಒಂದು ಮಧ್ಯಮ ಬಾಳೆಹಣ್ಣಿಗೆ ಸುಮಾರು 25 ಗ್ರಾಂ, 20 ಗ್ರಾಂ ಬೆಲ್ಲಕ್ಕೆ 17-18 ಗ್ರಾಂ ಸಿಗುತ್ತದೆ. ಓಆರ್‌ಎಸ್ ಉಪ್ಪಿಗೆ ಒಳ್ಳೆಯದು, ಆದರೆ ಒಂದು ಲೀಟರ್‌ನಲ್ಲಿ ಗ್ಲೂಕೋಸ್ 13.5 ಗ್ರಾಂ ಅಷ್ಟೇ, ಅದೊಂದನ್ನೇ ನಂಬಿಕೊಂಡರೆ ಅರ್ಧ ದಾರಿಯಲ್ಲಿ ಶಕ್ತಿ ಮುಗಿಯುತ್ತದೆ. ಏನೇ ತಿನ್ನುವುದಿದ್ದರೂ ಅದನ್ನು ಉದ್ದದ ಪ್ರಾಕ್ಟೀಸ್‌ಗಳಲ್ಲಿ ತಿಂದು ನೋಡಿ, ಸ್ಪರ್ಧೆಯ ದಿನ ಹೊಸದೇನೂ ಬಾಯಿಗೆ ಹಾಕಬೇಡಿ. ಹಿಂದಿನ ರಾತ್ರಿ ಖಾರದ ಶೇಂಗಾ ಚಟ್ನಿ, ಬದನೆಕಾಯಿ ಎಣಗಾಯಿಯನ್ನೂ ಒಂದು ದಿನದ ಮಟ್ಟಿಗೆ ಬಿಡಿ. ಅನ್ನ, ತೆಳು ಸಾರು ಸಾಕು.