ರೊಟೇಷನ್‌ನಲ್ಲಿ ವಾರ್ಡೇ ಇಲ್ಲ, ರೆಸಿಡೆನ್ಸಿ ಸಿಗುತ್ತಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ, ನಾನು ಅಮೆರಿಕದಲ್ಲಿ ಡಿಓ (ಆಸ್ಟಿಯೋಪಥಿಕ್ ಮೆಡಿಸಿನ್ ಡಾಕ್ಟರ್ ಪದವಿ) ಓದ್ತಿದೀನಿ, ಈಗ ಮೂರನೇ ವರ್ಷ. ನಮ್ ಕಾಲೇಜಿಗೆ ಸ್ವಂತ ಆಸ್ಪತ್ರೆ ಇಲ್ಲ, ಇಂಟರ್ನಲ್ ಮೆಡಿಸಿನ್ ರೊಟೇಷನ್ (ಒಂದೊಂದು ವಿಭಾಗದಲ್ಲಿ ಕೆಲವು ವಾರ ಕೆಲ್ಸ ಕಲಿಯೋದು) ಪೂರ್ತಿ ಒಬ್ರು ಡಾಕ್ಟರ ಕ್ಲಿನಿಕ್ಕಲ್ಲೇ ಹಾಕಿದಾರೆ, ವಾರ್ಡೂ ಇಲ್ಲ ರೆಸಿಡೆಂಟ್ಸೂ (ಪದವಿ ಮುಗ್ಸಿ ರೆಸಿಡೆನ್ಸಿ ತರಬೇತಿಯಲ್ಲಿರೋ ಡಾಕ್ಟ್ರು) ಇಲ್ಲ. ಡಿಓಗಳ ಲೈಸೆನ್ಸ್ ಪರೀಕ್ಷೆ ಕಾಮ್‌ಲೆಕ್ಸ್ ಲೆವೆಲ್ 1 ಪಾಸಾಗಿದೆ, ಎಂಡಿ (ಅಮೆರಿಕದ ಮಾಮೂಲಿ ಡಾಕ್ಟರ್ ಪದವಿ) ಓದೋರು ಬರೆಯೋ ಲೈಸೆನ್ಸ್ ಪರೀಕ್ಷೆ ಸ್ಟೆಪ್ 1 ಬರೀಲಿಲ್ಲ. ಮುಂದೆ ಕಾರ್ಡಿಯಾಲಜಿ ಆಸೆ. ಸ್ಟೆಪ್ 2 ಬರೀಬೇಕಾ? ಊರಲ್ಲಿರೋ ಅಪ್ಪ ಅಮ್ಮಂಗೆ ಡಿಓ ಅಂದ್ರೆ ಪೂರ್ತಿ ಡಾಕ್ಟರಾ ಅನ್ನೋ ಅನುಮಾನ ಬೇರೆ.

ಉತ್ತರ: ಮೊದ್ಲು ಅಪ್ಪ ಅಮ್ಮನ ಅನುಮಾನ ಮುಗಿಸಿಬಿಡೋಣ. ಅಮೆರಿಕದಲ್ಲಿ ಓದಿದ ಡಿಓ ಪೂರ್ತಿ ಡಾಕ್ಟ್ರೇ, ಆಪರೇಷನ್ನೂ ಮಾಡಬಹುದು, 50 ರಾಜ್ಯದಲ್ಲೂ ಲೈಸೆನ್ಸ್ ಸಿಗುತ್ತೆ. ಬೇರೆ ಎಷ್ಟೋ ದೇಶಗಳಲ್ಲಿ ಆಸ್ಟಿಯೋಪಾತ್ ಅಂದ್ರೆ ಬರೀ ಕೈಯಲ್ಲಿ ಚಿಕಿತ್ಸೆ ಮಾಡೋರು, ಗೂಗಲ್ ಮಾಡಿದ್ರೆ ಅದೇ ಬಂದು ಗೊಂದಲ ಆಗುತ್ತೆ ಅಷ್ಟೆ. 2020ರಿಂದ ಎಂಡಿ, ಡಿಓ ಇಬ್ರ ರೆಸಿಡೆನ್ಸಿನೂ ಎಸಿಜಿಎಂಇ ಅನ್ನೋ ಮಾನ್ಯತೆ ಕೊಡೋ ಸಂಸ್ಥೆ ಒಂದರ ಕೆಳಗೇ ಇದೆ.

ಈಗ ರೊಟೇಷನ್ ವಿಷ್ಯ. ಕ್ಲಿನಿಕ್ ದಂಡ ಅಂತ ನಾನು ಹೇಳಲ್ಲ, ಪೇಷೆಂಟ್ ಜೊತೆ ಮಾತಾಡೋದು ಅಲ್ಲೇ ಚೆನ್ನಾಗಿ ಬರೋದು. ಆದ್ರೆ ವಾರ್ಡಲ್ಲಿ ಕೇಸ್ ಪ್ರೆಸೆಂಟ್ ಮಾಡೋ ಅಭ್ಯಾಸ ತಪ್ಪಿಹೋಗುತ್ತೆ. ಬೆಳಿಗ್ಗೆ ಆರಕ್ಕೆ ಹೋಗಿ ಒಬ್ರು ಹಾರ್ಟ್ ಫೇಲ್ಯೂರ್ ಪೇಷೆಂಟ್ ನೋಡ್ತೀರಿ ಅಂತಿಟ್ಕೊಳ್ಳಿ, ನಿನ್ನೆಯಿಂದ ತೂಕ ಎಷ್ಟಿಳೀತು, ರಾತ್ರಿ ಯೂರಿನ್ ಎಷ್ಟು ಹೋಯ್ತು, ಕಾಲಿನ ಬಾವು ಎಲ್ಲೀತನಕ ಇದೆ, ಪೊಟ್ಯಾಸಿಯಂ ಕ್ರಿಯಾಟಿನಿನ್ ಹೇಗಿದೆ, ಇಷ್ಟನ್ನೂ ಎರಡ್ಮೂರು ನಿಮಿಷದಲ್ಲಿ ಹೇಳಿ ಕೊನೇಲಿ "ಇವತ್ತು ಫ್ಯುರೋಸಮೈಡ್ ಐವಿ ನಿಲ್ಸಿ ಮಾತ್ರೆಗೆ ಹೋಗ್ಬಹುದು ಅನ್ಸುತ್ತೆ" ಅಂತ ನಿಮ್ಮ ಪ್ಲಾನ್ ಹೇಳ್ಬೇಕು. ನಂಬರ್ ಓದೋದು ಯಾರ್ ಬೇಕಾದ್ರೂ ಮಾಡ್ತಾರೆ, ಅಟೆಂಡಿಂಗ್ (ಮೇಲ್ವಿಚಾರಣೆ ಮಾಡೋ ಹಿರಿಯ ಡಾಕ್ಟ್ರು) ಕಿವಿ ನಿಮಿರೋದು ಆ ಕೊನೇ ಸಾಲಿಗೆ. ತಪ್ಪಾದ್ರೂ ಪರ್ವಾಗಿಲ್ಲ, ಕಾರಣ ಇರ್ಲಿ. ಕ್ಲಿನಿಕ್ಕಲ್ಲೂ ನಿಮ್ಮ ಡಾಕ್ಟರನ್ನ ಕೇಳಿ, ದಿನಾ ಇಬ್ರು ಪೇಷೆಂಟ್‌ನ ಹೀಗೇ ಪ್ರೆಸೆಂಟ್ ಮಾಡ್ತೀನಿ ಅಂತ. ಅವ್ರು ಆಸ್ಪತ್ರೆ ರೌಂಡ್ಸ್‌ಗೂ ಹೋಗ್ತಿದ್ರೆ ಬೆನ್ನು ಬಿಡ್ಬೇಡಿ.

ಇಷ್ಟಾದ್ರೂ ರೆಸಿಡೆಂಟ್ಸ್ ಇರೋ ಆಸ್ಪತ್ರೆಯ ಒಂದು ಮೆಡಿಸಿನ್ ರೊಟೇಷನ್ ಬೇಕೇಬೇಕು, ಅದೂ ನಾಲ್ಕನೇ ವರ್ಷದ ಶುರುವಿನಲ್ಲಿ, ಜುಲೈ ಆಗಸ್ಟ್ ಒಳಗೆ. ಯಾಕಂದ್ರೆ ರೆಸಿಡೆನ್ಸಿ ಪ್ರೋಗ್ರಾಂಗಳು ಅರ್ಜಿ ನೋಡೋಕೆ ಶುರು ಮಾಡೋದು ಸೆಪ್ಟೆಂಬರ್ ಕೊನೇಲಿ, ಅಕ್ಟೋಬರಲ್ಲಿ ಮಾಡಿದ ರೊಟೇಷನ್‌ನ ಶಿಫಾರಸು ಲೆಟರ್ ಆ ಹೊತ್ತಿಗೆ ಇರಲ್ಲ. ವಿಎಸ್‌ಎಲ್‌ಓನಲ್ಲಿ (ಬೇರೆ ಆಸ್ಪತ್ರೆಗಳ ರೊಟೇಷನ್‌ಗೆ ಅರ್ಜಿ ಹಾಕೋ ಆನ್‌ಲೈನ್ ವ್ಯವಸ್ಥೆ) ಅರ್ಜಿ ಚಳಿಗಾಲ ಮುಗಿಯೋದ್ರೊಳಗೇ ಹಾಕೋಕೆ ರೆಡಿ ಇರಿ, ಒಳ್ಳೇ ಜಾಗ ಬೇಗ ತುಂಬುತ್ವೆ. ಹೆಸರು ದೊಡ್ಡದಿದೆ ಅಂತ ಹೋಗ್ಬೇಡಿ, ಆ ಪ್ರೋಗ್ರಾಂನ ಈಗಿನ ರೆಸಿಡೆಂಟ್ಸ್ ಲಿಸ್ಟಲ್ಲಿ ಡಿಓಗಳು ಇದಾರಾ, ಅಲ್ಲಿಂದ ಕಾರ್ಡಿಯಾಲಜಿ ಫೆಲೋಶಿಪ್‌ಗೆ (ರೆಸಿಡೆನ್ಸಿ ಆದ್ಮೇಲಿನ ತರಬೇತಿ) ಹೋದೋರು ಇದಾರಾ ನೋಡಿ. ಒಬ್ರೂ ಡಿಓ ಇಲ್ಲ ಅಂದ್ರೆ ನಾನಾದ್ರೆ ಅಲ್ಲಿ ಒಂದು ತಿಂಗಳು ಸುರಿಯಲ್ಲ.

ಸ್ಟೆಪ್ 2 ಬರೀರಿ. ಲೆವೆಲ್ 1, ಸ್ಟೆಪ್ 1 ಎರಡೂ 2022ರಿಂದ ಬರೀ ಪಾಸ್-ಫೇಲ್, ಹಾಗಾಗಿ ಈಗ ಕಣ್ಣಿಗೆ ಬೀಳೋ ನಂಬರ್ ಎರಡನೇ ಪರೀಕ್ಷೆದೇ. ಸ್ಟೆಪ್ 1 ಇಲ್ದೇನೂ ಸ್ಟೆಪ್ 2 ಬರೀಬಹುದು, ಕೆಲವು ಪ್ರೋಗ್ರಾಂ ಎರಡೂ ಕೇಳ್ತವೆ, ಅದನ್ನ ಅವರ ವೆಬ್‌ಸೈಟಲ್ಲೇ ನೋಡ್ಕೊಳ್ಳಿ. ಫ್ಯಾಮಿಲಿ ಮೆಡಿಸಿನ್ ಅಂದಿದ್ರೆ ಕಾಮ್‌ಲೆಕ್ಸ್ ಒಂದೇ ಸಾಕು ಅಂತಿದ್ದೆ, ಕಾರ್ಡಿಯಾಲಜಿ ಕಣ್ಣಲ್ಲಿದ್ರೆ ಬಾಗಿಲು ಮುಚ್ಕೋಬೇಡಿ. ಲೆವೆಲ್ 2, ಸ್ಟೆಪ್ 2 ಎರಡನ್ನೂ ಜೂನ್ ಜುಲೈನಲ್ಲಿ ಹತ್ರ ಹತ್ರ ಇಟ್ಕೊಳ್ಳಿ, ಓದೋದು ಹೆಚ್ಚುಕಮ್ಮಿ ಒಂದೇ, ಲೆವೆಲ್ 2ಗೆ ಓಎಂಎಂ (ಡಿಓಗಳು ಕಲಿಯೋ ಕೈಯಲ್ಲಿ ಮಾಡೋ ಚಿಕಿತ್ಸೆ) ಸ್ವಲ್ಪ ಜಾಸ್ತಿ. ತಯಾರಿ ಇಲ್ದೆ ಮಾತ್ರ ಕೂರ್ಬೇಡಿ, ಫೇಲ್ ಆದ್ರೆ ಬರೀದೇ ಇರೋದಕ್ಕಿಂತ ಕೆಟ್ಟದು.

ಲೆಟರನ್ನ ರೊಟೇಷನ್ ಮುಗಿಯೋ ವಾರದಲ್ಲೇ ಮುಖಾಮುಖಿ ಕೇಳಿ, "ನನ್ನ ಪರವಾಗಿ ಗಟ್ಟಿಯಾಗಿ ಬರೀತೀರಾ" ಅಂತ. ಸ್ವಲ್ಪ ತಡವರಿಸಿದ್ರೆ ಥ್ಯಾಂಕ್ಸ್ ಹೇಳಿ ಬೇರೆಯವರನ್ನ ನೋಡಿ.