ಡಂಪ್ಸ್ ಎಲ್ಲಾ ಬಾಯಿಪಾಠ, ಆದ್ರೂ ಎರಡು ಸಲ ಫೇಲ್: ಒಂದು ಆಪ್ತಸಲಹೆ ಪ್ರಕರಣ

(ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ, ಗುರುತು ಸಿಗದ ಹಾಗೆ ಊರು ಮನೆ ವಿವರ ಬದಲಾಯಿಸಿದೀನಿ.)

ಮೈಸೂರು ಕಡೆಯ ಹೆಣ್ಮಗಳು, ವಯಸ್ಸು 35. ಬ್ಯಾಂಕೊಂದರ ಲೋನ್ ಸೆಕ್ಷನ್‌ನಲ್ಲಿ ಕೆಲಸ ಮಾಡ್ತಿದ್ರು, ಮಗು ಆದ್ಮೇಲೆ ಬಿಟ್ರು. ಈಗ ಸೇಲ್ಸ್‌ಫೋರ್ಸ್ (ಕಂಪನಿಗಳು ಗ್ರಾಹಕರ, ಸೇಲ್ಸ್‌ನ ಮಾಹಿತಿ ಇಟ್ಕೊಳ್ಳೋ ಸಾಫ್ಟ್‌ವೇರ್) ಅಡ್ಮಿನಿಸ್ಟ್ರೇಟರ್ ಎಕ್ಸಾಮ್ ಬರೆದು ಸರ್ಟಿಫಿಕೇಟ್ ತಗೊಂಡು ಮತ್ತೆ ಕೆಲಸಕ್ಕೆ ಸೇರ್ಬೇಕು ಅಂತ ಆಸೆ. ಎರಡು ಸಲ ಫೇಲ್ ಆಗಿ ನನ್ನ ಹತ್ರ ಬಂದ್ರು, ಕೂತ ತಕ್ಷಣ ಹೇಳಿದ್ದೇ "ಮೇಡಂ, ನಂಗೆ ಏನೂ ತಲೆಗೆ ಹತ್ತಲ್ಲ ಈಗ" ಅಂತ. ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತಂತೆ, ಆಮೇಲೆ ಬರೀ ದುಡ್ಡಿನ ಲೆಕ್ಕ. ಫೀಸ್ 200 ಡಾಲರ್, ರೀಟೇಕ್‌ಗೆ 100, ಮೇಲೆ ಟ್ಯಾಕ್ಸ್ ಬೇರೆ. ರೀಟೇಕ್ ದುಡ್ಡು ಚೀಟಿಯಿಂದ ಎತ್ತಿ ಕಟ್ಟಿದ್ರು, ಆ ಎರಡನೇ ಸಲ ಬರೆದಿದ್ದು ಗಂಡನಿಗೆ ಗೊತ್ತೇ ಇಲ್ಲ.

ಹೇಗೆ ಓದಿದ್ರಿ ಅಂದೆ. ಕೋಚಿಂಗ್‌ನವರು ವಾಟ್ಸಾಪ್‌ನಲ್ಲಿ ಕೊಟ್ಟ ಡಂಪ್ಸ್, ಅಂದ್ರೆ ಎಕ್ಸಾಮ್‌ನಿಂದ ಸೋರಿ ಬಂದ ಪ್ರಶ್ನೆ ಉತ್ತರ, ನೂರಾರು, ಎಲ್ಲಾ ಉರು ಹೊಡೆದಿದ್ರು. ಈ ಎಕ್ಸಾಮ್ ಬರೆಯೋರು ನನ್ನ ಹತ್ರ ಆಗಾಗ ಬರ್ತಾರೆ, ಹಾಗಾಗಿ ಒಂದು ಪ್ರಶ್ನೆ ಕೇಳ್ದೆ, ಒಬ್ಬ ಸೇಲ್ಸ್ ಹುಡುಗನ ರೆಕಾರ್ಡ್ ಪಕ್ಕದವನಿಗೆ ಕಾಣ್ಬಾರ್ದು, ಮ್ಯಾನೇಜರ್‌ಗೆ ಇಬ್ಬರದ್ದೂ ಕಾಣ್ಬೇಕು, ಏನ್ ಮಾಡ್ತೀರಾ ಅಂತ. ಸ್ವಲ್ಪ ಹೊತ್ತು ಸುಮ್ನಿದ್ದು "ಆಪ್ಷನ್ಸ್ ಹೇಳಿ ಮೇಡಂ" ಅಂದ್ರು.

ಇಡೀ ತೊಂದರೆ ಅಲ್ಲೇ ಇತ್ತು. 60 ಪ್ರಶ್ನೆ, 105 ನಿಮಿಷ, 65 ಪರ್ಸೆಂಟ್ ಬೇಕು, ಬಹಳಷ್ಟು ಪ್ರಶ್ನೆ ಹೀಗೆ ಒಂದು ಸನ್ನಿವೇಶ ಕೊಟ್ಟು ಕೇಳೋವೇ. ಒಂದು ಪದ ಆಚೀಚೆ ಆದ್ರೂ ಉರು ಹೊಡೆದಿದ್ದು ಕೈ ಕೊಡುತ್ತೆ. ಡಂಪ್ಸ್ ಬಳಸೋದು ಎಕ್ಸಾಮ್ ನಿಯಮಕ್ಕೂ ವಿರುದ್ಧ, ಸಿಕ್ಕಿದ ಸರ್ಟಿಫಿಕೇಟೂ ರದ್ದಾಗಬಹುದು, ಇದನ್ನ ಕೋಚಿಂಗ್‌ನವರು ಹೇಳಲೇ ಇಲ್ಲ ಅನ್ನೋದು ನಂಗೆ ತುಂಬಾ ಬೇಜಾರು ಮಾಡ್ತು. ಅಲ್ಲೇ ಡಿಲೀಟ್ ಮಾಡ್ಸಿದೆ.

ಆಮೇಲೆ ರಿಸಲ್ಟ್ ಮೇಲ್ ತೆಗೆಸಿದೆ. ಫೇಲ್ ಅನ್ನೋದು ಓದಿ ಮುಚ್ಚಿಟ್ಟಿದ್ರು, ಕೆಳಗೆ ಸೆಕ್ಷನ್‌ವಾರು ಪರ್ಸೆಂಟ್ ಇರೋದನ್ನ ನೋಡೇ ಇಲ್ಲ. ರಿಪೋರ್ಟ್ಸ್, ಡೇಟಾ ಭಾಗದಲ್ಲಿ ಚೆನ್ನಾಗೇ ಬಂದಿತ್ತು, ಬಿದ್ದಿದ್ದು ಸೆಕ್ಯುರಿಟಿ, ಅಂದ್ರೆ ಯಾರಿಗೆ ಏನು ಕಾಣ್ಬೇಕು ಅನ್ನೋದು, ಬರೋ ಸೆಟಪ್ ಭಾಗದಲ್ಲಿ. ತಲೆಗೆ ಹತ್ತಲ್ಲ ಅಂತೀರಲ್ಲ, ಇದು ಯಾರ ಮಾರ್ಕ್ಸ್ ಮತ್ತೆ ಅಂದೆ, ಕಣ್ಣಲ್ಲಿ ನೀರು ಬಂತು ಅವರಿಗೆ.

ಕೊಟ್ಟ ಸಲಹೆ ಇದು. ಸೇಲ್ಸ್‌ಫೋರ್ಸ್‌ನವರದೇ ಆನ್‌ಲೈನ್ ಟ್ರೈಲ್‌ಹೆಡ್ ಪಾಠ, ಅಭ್ಯಾಸ ಮಾಡೋಕೆ ಸಿಗೋ ಡೆವಲಪರ್ ಎಡಿಷನ್ ಎರಡೂ ಫ್ರೀ. ಆ ಎಡಿಷನ್‌ನಲ್ಲಿ ನಿಮ್ಮ ಹಳೇ ಬ್ರಾಂಚನ್ನೇ ಕಟ್ಟಿ. ಲೋನ್ ಅರ್ಜಿ ಅಂತ ಒಂದು ಕಸ್ಟಮ್ ಆಬ್ಜೆಕ್ಟ್ (ನಾವೇ ಮಾಡ್ಕೊಳ್ಳೋ ಮಾಹಿತಿ ಪಟ್ಟಿ), ಇಬ್ಬರು ಕ್ಲರ್ಕ್, ಒಬ್ಬ ಮ್ಯಾನೇಜರ್, ಆರ್ಗ್ ವೈಡ್ ಡಿಫಾಲ್ಟ್ ಪ್ರೈವೇಟ್ (ಅವರವರ ರೆಕಾರ್ಡ್ ಅವರಿಗಷ್ಟೇ ಅನ್ನೋ ಮೂಲ ಸೆಟ್ಟಿಂಗ್), ಆಮೇಲೆ ರೋಲ್ ಹೈರಾರ್ಕಿ (ಮೇಲಿನವರಿಗೆ ಕೆಳಗಿನವರ ರೆಕಾರ್ಡ್ ಕಾಣೋ ಶ್ರೇಣಿ), ಒಬ್ಬೊಬ್ಬರಾಗಿ ಲಾಗಿನ್ ಆಗಿ ಯಾರಿಗೆ ಏನು ಕಾಣುತ್ತೆ ನೋಡಿ. ಮುಂದಿನ ವಾರ ಬಂದವರು, ಮ್ಯಾನೇಜರ್ ಶ್ರೇಣಿಯಲ್ಲಿ ಮೇಲಿದ್ರೂ ಅವರಿಗೆ ಒಂದು ಅರ್ಜಿನೂ ಕಾಣ್ತಿರಲಿಲ್ಲ ಮೇಡಂ, ಅವರ ಪ್ರೊಫೈಲ್‌ನಲ್ಲಿ (ಯಾರು ಏನು ಮಾಡ್ಬಹುದು ಅನ್ನೋ ಸೆಟ್ಟಿಂಗ್) ಆ ಆಬ್ಜೆಕ್ಟ್‌ಗೆ ರೀಡ್ ಪರ್ಮಿಷನ್ನೇ ಕೊಟ್ಟಿರಲಿಲ್ಲ ನಾನು, ಅಂತ ಒಂದೇ ಉಸಿರಲ್ಲಿ ಹೇಳಿದ್ರು. ಆಪ್ಷನ್ಸ್ ಕೇಳಲಿಲ್ಲ.

ರಾತ್ರಿ ಓದು ಬಿಟ್ಟು ಬೆಳಗ್ಗೆ ಓದೋದು, ಮಲಗೋ ಜಾಗಕ್ಕೆ ಫೋನ್ ಬೇಡ ಅಂತಲೂ ಹೇಳಿದೀನಿ. ನಿದ್ದೆ ಹೀಗೇ ಕೆಟ್ಟಿದ್ರೆ ಡಾಕ್ಟರ್‌ಗೆ ತೋರಿಸಿ, ನಡುರಾತ್ರಿ ತಡ್ಕೊಳ್ಳೋಕಾಗಲ್ಲ ಅನ್ಸಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಕಷ್ಟ ಆಗಿದ್ದು ಗಂಡನಿಗೆ ಹೇಳೋದು. ಎರಡು ವಾರ ಮುಂದೂಡಿದ್ರು, ಕೊನೆಗೆ ಹೇಳಿದ್ರು. ಮುಚ್ಚಿಟ್ಟಿದ್ದಕ್ಕೆ ಗಂಡ ಬೇಜಾರು ಮಾಡ್ಕೊಂಡ್ರಂತೆ, ಒಂದಿನ ಮಾತಾಡಲಿಲ್ಲ, ಈಗ ಬೆಳಗ್ಗೆ ಮಗೂನ ಸ್ಕೂಲಿಗೆ ರೆಡಿ ಮಾಡೋ ಕೆಲಸ ಅವರೇ ತಗೊಂಡಿದಾರೆ. ಮೂರನೇ ಸಲದ ಡೇಟ್ ಇನ್ನೂ ಬುಕ್ ಮಾಡಿಲ್ಲ, ಫ್ಲೋ (ಕೆಲಸಗಳು ತಾನಾಗೇ ನಡೆಯೋ ಹಾಗೆ ಮಾಡೋದು) ಭಾಗವನ್ನೂ ಹೀಗೇ ಕೈಯಾರೆ ಮಾಡಿ ನೋಡಿ ಆಮೇಲೆ ಮಾಡೋಣ ಅಂತ ಇಬ್ರೂ ಮಾತಾಡ್ಕೊಂಡಿದೀವಿ.