ಪ್ರೌಢಶಾಲೆ ಮುಖ್ಯೋಪಾಧ್ಯಾಯರಿಗೆ ಆಡಳಿತ ತರಬೇತಿ ಕೊಟ್ಟರೆ ಮಕ್ಕಳ ಕಲಿಕೆ ಸುಧಾರಿಸುತ್ತದೆಯೇ?

ಸುಧಾರಿಸಬಹುದು, ಆದರೆ ತರಬೇತಿಯಿಂದ ತರಗತಿಯ ಪಾಠ ಬದಲಾದರೆ ಮಾತ್ರ. ಅನುದಾನ, ಸುತ್ತೋಲೆ, ದಾಖಲೆ ನಿರ್ವಹಣೆಯ ಉಪನ್ಯಾಸ ಕೇಳಿ ಬಂದರೆ ಕಡತಗಳು ಅಚ್ಚುಕಟ್ಟಾಗುತ್ತವೆ, ಅಷ್ಟೆ.

ಕಾರಣ ಸರಳ: ಮುಖ್ಯೋಪಾಧ್ಯಾಯರ ಪ್ರಭಾವ ಮಕ್ಕಳನ್ನು ಮುಟ್ಟುವುದು ಹೆಚ್ಚಾಗಿ ಶಿಕ್ಷಕರ ಮೂಲಕ. ಅಮೆರಿಕದ ಹ್ಯೂಸ್ಟನ್‌ನ 58 ಸರ್ಕಾರಿ ಶಾಲೆಗಳ ಪ್ರಯೋಗದಲ್ಲಿ, ಚೀಟಿ ಎತ್ತಿದಂತೆ ಆರಿಸಿದ ಶಾಲೆಗಳ ಮುಖ್ಯಸ್ಥರಿಗೆ ಎರಡು ವರ್ಷಗಳಲ್ಲಿ 300 ಗಂಟೆ ತರಬೇತಿ ಕೊಟ್ಟರು. ಪಾಠ ಯೋಜನೆ, ಪರೀಕ್ಷಾ ಫಲಿತಾಂಶ ನೋಡಿ ಬೋಧನೆ ತಿದ್ದುವುದು, ತರಗತಿಯಲ್ಲಿ ಕೂತು ಗಮನಿಸಿ ಶಿಕ್ಷಕರಿಗೆ ಸಲಹೆ ಕೊಡುವುದು ಅದರ ತಿರುಳು. ಮೊದಲ ವರ್ಷ ಅಂಕ ಏರಿತು. ಎರಡನೇ ವರ್ಷ ಪರಿಣಾಮ ಮಂಕಾಯಿತು. ತರಬೇತಿ ಪಡೆದವರೇ ಹುದ್ದೆ ಬಿಟ್ಟದ್ದು ಇದಕ್ಕೆ ಮುಖ್ಯ ಕಾರಣವೆಂದು ಸಂಶೋಧಕರು ಹೇಳಿದರು. ನಮ್ಮಲ್ಲೂ ವರ್ಗಾವಣೆಯ ಲೆಕ್ಕ ಹಾಕದೆ ತರಬೇತಿಗೆ ಕಳಿಸುವುದು ದುಡ್ಡು ದಂಡ.

ಮಧ್ಯಪ್ರದೇಶದಲ್ಲಿ ಶಾಲೆಗಳನ್ನು ಮೌಲ್ಯಮಾಪನ ಮಾಡಿ ಸುಧಾರಣಾ ಯೋಜನೆ ಬರೆಸಿದರು. ಯೋಜನೆಗಳು ಸಿದ್ಧವಾದವು, ಬೋಧನೆಯೂ ಕಲಿಕೆಯೂ ಬದಲಾಗಲಿಲ್ಲ.

ಹಾಗಾಗಿ ತರಬೇತಿ ಮುಗಿದ ಮೇಲೆ ವಾರಕ್ಕೆ ಎರಡು ಮೂರು ತರಗತಿಗಳಲ್ಲಿ 20 ನಿಮಿಷ ಕೂರಬೇಕು. ಅಂದೇ ಶಿಕ್ಷಕರಿಗೆ ಒಂದೇ ಒಂದು ಸಲಹೆ ಕೊಟ್ಟು, ಮುಂದಿನ ಭೇಟಿಯಲ್ಲಿ ಅದನ್ನೇ ಪರಿಶೀಲಿಸಬೇಕು. ಒಟ್ಟಿಗೆ ಹತ್ತು ಹೇಳಿದರೆ ಒಂದೂ ಜಾರಿಯಾಗುವುದಿಲ್ಲ.